ನನಗೆಂದು ಬೇರೆ ಇಟ್ಟಿದ್ದ ಬ್ರೆಡ್ಡು

ನಮ್ಮ ಕಡೆ ಯಹೂದಿಗಳ ಮಾತು ಬಂದರೆ ಅದು ಯುದ್ಧದ ಸುದ್ದಿಯಿಂದ ಶುರುವಾಗಿ ಯುದ್ಧದ ಸುದ್ದಿಯಲ್ಲೇ ಮುಗಿಯುತ್ತದೆ. ಹಾಸನದಲ್ಲಿ ಕೂತವರಿಗೆ ಬೇರೆ ಹೇಗೆ ತಾನೇ ಗೊತ್ತಾಗಬೇಕು? ನನಗೆ ಮಾತ್ರ ಆ ಜನ ಎಂದರೆ ಮೊದಲು ನೆನಪಾಗುವುದು ಶುಕ್ರವಾರ ಸಂಜೆಯ ಊಟ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಮಾಡುವಾಗ ಆ ಊಟಕ್ಕೆ ಹೋಗುತ್ತಿದ್ದೆ. ಈಗ ಸಾಲಗಾಮೆ ರಸ್ತೆಯ ನಮ್ಮ ಮನೆಗೆ ಭಾನುವಾರ ಸಂಜೆ ಹುಡುಗ ಹುಡುಗಿಯರು ಬಂದು ಉಂಡು ಹೋಗುವುದನ್ನು ನೋಡಿದವರು, “ಏನು ಮೇಡಂ, ಛತ್ರ ತೆರೆದಿದ್ದೀರಾ?” ಎಂದು ಕೇಳುತ್ತಾರೆ. ಗೇಟಿನ ಹತ್ತಿರ ನಿಂತು ಹೇಳಿ ಮುಗಿಸುವ ವಿಷಯ ಅಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಅಲ್ಲಿಗೆ ಹೋದದ್ದು 2017ರ ಆಗಸ್ಟ್‌ನಲ್ಲಿ. ಅರ್ಬಾನಾ, ಶಾಂಪೇನ್ ಎಂದು ಒಂದಕ್ಕೊಂದು ಅಂಟಿಕೊಂಡ ಎರಡು ಊರು, ಅವುಗಳ ನಡುವೆ ಕ್ಯಾಂಪಸ್ಸು. ಊರು ದಾಟಿದರೆ ಎತ್ತ ನೋಡಿದರೂ ಮುಸುಕಿನ ಜೋಳ, ಇಲ್ಲವೇ ಸೋಯಾ. ಸಕಲೇಶಪುರದ ಗುಡ್ಡಗಳನ್ನು ನೋಡಿಕೊಂಡು ಬೆಳೆದವಳಿಗೆ ಒಂದು ದಿಣ್ಣೆಯೂ ಇಲ್ಲದ ಆ ನೆಲ ಮೊದಲ ತಿಂಗಳುಗಳಲ್ಲಿ ಹೆದರಿಕೆ ಹುಟ್ಟಿಸಿತ್ತು. ಕ್ಯಾಂಪಸ್ಸಿನ ಒಳಗೇ ಮಾರೋ ಪ್ಲಾಟ್ಸ್ ಎಂಬ ಪ್ರಯೋಗದ ಹೊಲ ಇದೆ, 1876ರಿಂದ ಅಲ್ಲಿ ಬೆಳೆ ತೆಗೆಯುತ್ತಿದ್ದಾರೆ. ಪಕ್ಕದ ಗ್ರಂಥಾಲಯವನ್ನು ನೆಲದಡಿಗೆ ಇಳಿಸಿ ಕಟ್ಟಿದ್ದಾರೆ. ಜೋಳದ ಮೇಲೆ ನೆರಳು ಬೀಳಬಾರದೆಂದೇ ಹಾಗೆ ಕಟ್ಟಿದ್ದು ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ.

ಕಾಂಕ್ರೀಟಿನ ಸಿಲಿಂಡರುಗಳನ್ನು ಮೆಷಿನ್ನಿಗೆ ಕೊಟ್ಟು ಒಡೆದು ಬಲ ಅಳೆಯುವ ಕೆಲಸದಲ್ಲಿ ನನ್ನ ಜೊತೆಗೊಬ್ಬಳು ಯಹೂದಿ ಹುಡುಗಿ ಇದ್ದಳು. ಡಿಸೆಂಬರ್‌ನ ಒಂದು ಶುಕ್ರವಾರ, ನಾಲ್ಕೂವರೆಗೇ ಕತ್ತಲಾಗುತ್ತಿದ್ದ ದಿನಗಳಲ್ಲಿ, “ಇವತ್ತು ರಾತ್ರಿ ಊಟ ಎಲ್ಲಿ?” ಎಂದು ಕೇಳಿದಳು. ರೂಮಿನಲ್ಲೇ, ಅನ್ನ ಮೊಸರು ಎಂದೆ. “ಒಬ್ಬಳೇನಾ?” ಎಂದಳು. ಹೂಂ ಎಂದೆ. ಮುಂದೆ ಏನನ್ನೂ ಕೇಳಲಿಲ್ಲ. ಸಂಜೆ ಬಂದು, ಕೋಟು ಹಾಕಿಕೋ ಎಂದು ಹೊರಡಿಸಿದಳು.

ಹೋದದ್ದು ಹಿಲೆಲ್‌ಗೆ. ಅದು ಯಹೂದಿ ವಿದ್ಯಾರ್ಥಿಗಳ ಮನೆ ಎನ್ನಬಹುದು. ಪ್ರಾರ್ಥನೆಗೆ ಜಾಗ, ಓದುವ ಕೋಣೆ, ಅಡುಗೆಮನೆ, ದೊಡ್ಡ ಊಟದ ಹಾಲ್. ಮೇಜಿನ ಮೇಲೆ ದೀಪ ಆಗಲೇ ಉರಿಯುತ್ತಿತ್ತು. ಶುಕ್ರವಾರ ಸೂರ್ಯ ಮುಳುಗಿದರೆ ಅವರಿಗೆ ಶಬ್ಬಾತ್, ವಾರದ ವಿಶ್ರಾಂತಿಯ ದಿನ. ಮುಳುಗುವುದಕ್ಕೆ 18 ನಿಮಿಷ ಮೊದಲು ದೀಪ ಹಚ್ಚುವುದು ಬಹಳ ಕಡೆ ವಾಡಿಕೆ. ಆಮೇಲೆ ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣುವವರೆಗೆ ಕಟ್ಟುನಿಟ್ಟಾಗಿ ಪಾಲಿಸುವವರು ಬೆಂಕಿ ಹೊತ್ತಿಸುವುದಿಲ್ಲ, ಅಡುಗೆ ಮಾಡುವುದಿಲ್ಲ, ದುಡ್ಡು ಮುಟ್ಟುವುದಿಲ್ಲ. ಬಂದವರೆಲ್ಲ ಹಾಗೇ ಆಚಾರವಂತರು ಎಂದಲ್ಲ. ದೇವರನ್ನೇ ನಂಬುವುದಿಲ್ಲ ಎನ್ನುವ ಹುಡುಗರೂ ಇದ್ದರು, ಊಟ ಮಾತ್ರ ತಪ್ಪಿಸುತ್ತಿರಲಿಲ್ಲ. ಎಲ್ಲರೂ ನಿಂತು ಹಾಡಿದರು. ದ್ರಾಕ್ಷಿ ರಸದ ಮೇಲೆ ಮಂತ್ರ ಹೇಳಿದರು. ಎರಡು ಹಿಡಿಯ ತಂಬಿಗೆಯಿಂದ ಒಂದೊಂದು ಕೈಗೂ ನೀರು ಹುಯ್ದುಕೊಂಡು, ಬ್ರೆಡ್ಡು ಮುರಿದು ಬಾಯಿಗೆ ಹಾಕಿಕೊಳ್ಳುವವರೆಗೆ ಮಾತಾಡದೆ ಕೂತರು. ಅಷ್ಟು ಜನ ತುಂಬಿದ ಹಾಲ್ ಒಮ್ಮೆಗೇ ಸುಮ್ಮನಾಯಿತು. ನಮ್ಮ ತಾತನೂ ಎಲೆಯ ಸುತ್ತ ನೀರು ಕಟ್ಟಿದ ಮೇಲೆ ಮಾತಾಡುತ್ತಿರಲಿಲ್ಲ.

ಆ ಬ್ರೆಡ್ಡಿಗೆ ಹಲ್ಲಾ ಎನ್ನುತ್ತಾರೆ. ಜಡೆ ಹೆಣೆದಂತೆ ಹೆಣೆದು ಬೇಯಿಸಿ, ಎರಡನ್ನು ಜೋಡಿಯಾಗಿ ಬಟ್ಟೆ ಹೊದಿಸಿ ಇಡುತ್ತಾರೆ. ಅದಕ್ಕೆ ಮೊಟ್ಟೆ ಹಾಕುವುದು ರೂಢಿ. ನಾನು ಮೊಟ್ಟೆ ತಿನ್ನುವುದಿಲ್ಲ. ತಟ್ಟೆಗೆ ಬಂದ ತುಂಡನ್ನು ಪಕ್ಕಕ್ಕೆ ಸರಿಸಿದೆ. ಮೇಜಿನಲ್ಲಿ ಕೋಳಿ ಇತ್ತು, ನನಗೆ ಬೇಳೆಯ ಸೂಪು, ಅನ್ನ, ಬೇಯಿಸಿದ ತರಕಾರಿ ಸಿಕ್ಕಿತು. ಮೊಸರು ಇದೆಯೇ ಎಂದು ಕೇಳಿದೆ. ಮಾಂಸದ ಊಟವಿದ್ದ ಮೇಜಿಗೆ ಹಾಲು, ಮೊಸರು, ಬೆಣ್ಣೆ ಯಾವುದೂ ಬರುವಂತಿಲ್ಲ, ಪಾತ್ರೆಗಳೂ ಬೇರೆ ಬೇರೆ, ತೊಳೆಯುವ ಸಿಂಕೂ ಬೇರೆ ಎಂದು ಎದುರಿಗೆ ಕೂತ ಹುಡುಗ ವಿವರಿಸಿದ. ಮಡಿ ಮೈಲಿಗೆ ನೋಡಿ ಬೆಳೆದವಳಿಗೆ ಇದೇನೂ ವಿಚಿತ್ರ ಅನಿಸಲಿಲ್ಲ. ಅವನು ನನ್ನ ತಟ್ಟೆಯಲ್ಲಿ ಉಳಿದ ಬ್ರೆಡ್ಡು ನೋಡಿ, ರುಚಿಯಾಗಿಲ್ಲವಾ ಎಂದ. ಮೊಟ್ಟೆಯ ವಿಷಯ ಹೇಳಿದೆ. “ಓ, ಸರಿ” ಎಂದಷ್ಟೇ ಹೇಳಿದ.

ಮುಂದಿನ ಶುಕ್ರವಾರ ಆ ಬಟ್ಟೆಯ ಪಕ್ಕದಲ್ಲಿ ಒಂದು ಚಿಕ್ಕ ಹಲ್ಲಾ ಬೇರೆ ಇತ್ತು. ಅಂಗೈ ಅಗಲದ್ದು, ಅದಕ್ಕೂ ಜಡೆ. ಮೊಟ್ಟೆ ಇಲ್ಲ, ಬರೀ ನೀರು, ಎಣ್ಣೆ, ಸಕ್ಕರೆ. ಹಾಗೆ ಮಾಡುವ ಪದ್ಧತಿಯೂ ಅವರಲ್ಲಿ ಇದೆಯಂತೆ. ಗುರುವಾರ ರಾತ್ರಿ ಅಡುಗೆಮನೆಯಲ್ಲಿ ಹಿಟ್ಟು ನಾದುವ ಹುಡುಗರಲ್ಲಿ ಅವನೂ ಒಬ್ಬ. ನಾನು ಆ ವಾರ ಬರುತ್ತೇನೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಅದರ ಮುಂದಿನ ವಾರವೂ ಇತ್ತು. ಪರೀಕ್ಷೆಯಿಂದಾಗಿ ನಾನು ಹೋಗದ ವಾರಗಳಲ್ಲೂ ಇಟ್ಟಿದ್ದರು ಎಂದು ಆಮೇಲೆ ತಿಳಿಯಿತು. ಅವನು ಪದವಿ ಮುಗಿಸಿ ಹೋದ ಮೇಲೆ ಬೇರೆ ಯಾರೋ ಆ ಚಿಕ್ಕ ಬ್ರೆಡ್ಡು ಮಾಡುತ್ತಿದ್ದರು. ಒಬ್ಬರಿಂದ ಒಬ್ಬರಿಗೆ ಹೇಳಿ ಹೋಗಿದ್ದರು, ಅಷ್ಟೇ. ಯಾರೂ ಬಂದು, ನೋಡು ನಿನಗೋಸ್ಕರ ಮಾಡಿದೆವು ಎಂದು ಹೇಳಲಿಲ್ಲ.

ಈ ಸಂಸ್ಥೆ ಹುಟ್ಟಿದ್ದೇ ಆ ಊರಿನಲ್ಲಿ ಎಂದು ನನಗೆ ಗೊತ್ತಾದಾಗ ನಾನು ಅಲ್ಲಿ ಒಂದು ಚಳಿಗಾಲ ಕಳೆದಾಗಿತ್ತು. ಇವತ್ತು ನೂರಾರು ಕ್ಯಾಂಪಸ್‌ಗಳಲ್ಲಿರುವ ಹಿಲೆಲ್ ಶುರುವಾದದ್ದು 1923ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಅದಕ್ಕೆ ತಳ್ಳಿದವರು ಯಹೂದಿಗಳಲ್ಲ, ಎಡ್ವರ್ಡ್ ಚಾನ್ಸಿ ಬಾಲ್ಡ್ವಿನ್ ಎಂಬ ಕ್ರೈಸ್ತ ಪ್ರಾಧ್ಯಾಪಕರು. ತಮ್ಮ ತರಗತಿಯ ಯಹೂದಿ ಮಕ್ಕಳಿಗೆ ತಮ್ಮದೇ ಪರಂಪರೆ ಗೊತ್ತಿಲ್ಲವಲ್ಲ ಎಂದು ಅವರಿಗೆ ಬೇಸರವಿತ್ತು. ಕಟ್ಟಿ ನಿಲ್ಲಿಸಿದವರು ಬೆಂಜಮಿನ್ ಫ್ರಾಂಕೆಲ್ ಎಂಬ ಯುವ ರಬ್ಬಿ, ಎಂದರೆ ಯಹೂದಿ ಧರ್ಮಗುರು. 1924ರಲ್ಲಿ ಬ್ನೈ ಬ್ರಿತ್ ಎಂಬ ಯಹೂದಿ ಸಂಘ ಇದನ್ನು ತನ್ನ ಮಡಿಲಿಗೆ ಹಾಕಿಕೊಂಡಿತು. ಫ್ರಾಂಕೆಲ್ 1927ರಲ್ಲಿ, ಮೂವತ್ತರ ಆಸುಪಾಸಿನಲ್ಲಿ ತೀರಿಕೊಂಡರು. ಅದೇ ಕಾಲದಲ್ಲಿ, 1922ರಲ್ಲಿ, ಹಾರ್ವರ್ಡ್‌ನ ಅಧ್ಯಕ್ಷ ಲೊವೆಲ್ ಯಹೂದಿ ವಿದ್ಯಾರ್ಥಿಗಳು ಇಷ್ಟೇ ಇರಬೇಕು ಎಂದು ಮಿತಿ ಹಾಕಲು ಹೊರಟಿದ್ದರು. ತಮ್ಮನ್ನು ಎಣಿಸಿ ಒಳಗೆ ಬಿಡುತ್ತಿದ್ದ ಕಾಲದಲ್ಲಿ ಕಟ್ಟಿಕೊಂಡ ಮೇಜು ಇದು. ಆ ಮೇಜಿನಲ್ಲಿ ನೀನು ಯಾರು, ಯಾವ ಮತ ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ. ಇದನ್ನು ನೆನೆದಾಗಲೆಲ್ಲ ಅವರ ಮೇಲಿನ ಗೌರವ ಇನ್ನಷ್ಟು ಹೆಚ್ಚುತ್ತದೆ.

ಕ್ಯಾಂಪಸ್ಸಿನಲ್ಲಿ ಇನ್ನೊಂದು ಬಗೆಯ ಮನೆಯೂ ಇತ್ತು, ಹಬಾದ್‌ನವರದು. ಈ ಯಹೂದಿ ಪಂಥದ ಮೊದಲ ಕ್ಯಾಂಪಸ್ ಮನೆ 1969ರಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಬಳಿ ಶುರುವಾಯಿತು. ಹಿಲೆಲ್‌ನಲ್ಲಿ ಹಾಲ್ ಇದ್ದರೆ ಇಲ್ಲಿ ರಬ್ಬಿ ದಂಪತಿಯ ಸ್ವಂತ ಮನೆ. ಅವರ ಮಕ್ಕಳು ಮೇಜಿನ ಕೆಳಗೆ ಓಡಾಡುತ್ತಿರುತ್ತಾರೆ, ನೀರಿನ ಜಗ್ಗು ಬೀಳುತ್ತದೆ, ಅಡುಗೆಮನೆಯಿಂದ ಆಕೆ ಯಾರನ್ನೋ ಕೂಗಿ ತಟ್ಟೆ ತರಲು ಹೇಳುತ್ತಾರೆ. ನನಗೆ ಎರಡೂ ಇಷ್ಟ. ಆದರೆ ಹಾಸನಕ್ಕೆ ಬಂದ ಮೇಲೆ ನಾನು ಅನುಸರಿಸಿದ್ದು ಈ ಎರಡನೆಯದನ್ನು.

ಇಷ್ಟೆಲ್ಲ ಊಟಕ್ಕೆ ದುಡ್ಡು ಯಾರು ಕೊಡುತ್ತಾರೆ? ಮೇಷ್ಟರ ಮನೆಯ ಹುಡುಗಿ ನಾನು, ಮೊದಲು ಹುಟ್ಟಿದ ಪ್ರಶ್ನೆಯೇ ಅದು. ಹಿಂದೆ ಅಲ್ಲಿ ಉಂಡು ಹೋದವರು ಕೊಡುತ್ತಾರೆ, ಓದುವವರ ಅಪ್ಪ ಅಮ್ಮ ಕೊಡುತ್ತಾರೆ, ಊರಿನ ಯಹೂದಿಗಳು ಕೊಡುತ್ತಾರೆ. ಕೊಡುವ ಮೊತ್ತವನ್ನು 18, 36, 180 ಎಂದು ಹದಿನೆಂಟರ ಮಗ್ಗಿಯಲ್ಲಿ ಕೊಡುವುದು ಅವರ ಪದ್ಧತಿ, ಜೀವವನ್ನು ಸೂಚಿಸುವ ಸಂಖ್ಯೆಯಂತೆ ಅದು. ವಿದ್ಯಾರ್ಥಿಗಳೂ ಕೊಡುತ್ತಾರೆ. ಬಾಗಿಲ ಬಳಿ ಒಂದು ತಗಡಿನ ಡಬ್ಬಿ ಇತ್ತು. ಶುಕ್ರವಾರ ದೀಪ ಹಚ್ಚುವ ಮೊದಲು ಅದಕ್ಕೆ ಚಿಲ್ಲರೆ ಹಾಕುತ್ತಾರೆ, ಯಾಕೆಂದರೆ ಆಮೇಲೆ ದುಡ್ಡು ಮುಟ್ಟುವಂತಿಲ್ಲವಲ್ಲ. ದಾನದಿಂದ ಬದುಕುವ ಬಡವನೂ ತನ್ನ ಕೈಲಾದಷ್ಟು ದಾನ ಮಾಡಬೇಕು ಎಂದು ಅವರ ಧರ್ಮಗ್ರಂಥ ತಾಲ್ಮೂದ್ ಹೇಳುತ್ತದೆ. ಈ ನಿಯಮದ ಬಗ್ಗೆ ನಾನು ಬಹಳ ದಿನ ಯೋಚಿಸಿದ್ದೇನೆ. ತೆಗೆದುಕೊಳ್ಳುವವನನ್ನು ಸದಾ ತೆಗೆದುಕೊಳ್ಳುವವನಾಗಿಯೇ ಉಳಿಸಬಾರದು ಎಂಬ ಕಾಳಜಿ ಅದರಲ್ಲಿದೆ.

ಅಡುಗೆಮನೆಯ ಹಿಟ್ಟಿನಿಂದಲೇ ದೊಡ್ಡದೊಂದು ಕೆಲಸ ಹುಟ್ಟಿದ ಕಥೆಯನ್ನೂ ಅಲ್ಲಿ ಕೇಳಿದೆ. 2004ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಕಾಲೇಜಿನ ಒಬ್ಬ ವಿದ್ಯಾರ್ಥಿನಿ ಗೆಳತಿಯರನ್ನು ಕಟ್ಟಿಕೊಂಡು ಹಲ್ಲಾ ಬೇಯಿಸಿ ಕ್ಯಾಂಪಸ್ಸಿನಲ್ಲೇ ಮಾರತೊಡಗಿದಳು. ಬಂದ ದುಡ್ಡು ಸೂಡಾನಿನ ದಾರ್ಫುರ್‌ನಲ್ಲಿ ಸಂಕಟದಲ್ಲಿದ್ದವರಿಗೆ, ಹಸಿದವರಿಗೆ ಹೋಗುತ್ತಿತ್ತು. ಹಲ್ಲಾ ಫಾರ್ ಹಂಗರ್ ಎಂಬ ಹೆಸರಿನಲ್ಲಿ ಅದು ಎಷ್ಟೋ ಕ್ಯಾಂಪಸ್‌ಗಳಿಗೆ ಹಬ್ಬಿತು. ನಾದಲು ಬರುವ ಎರಡು ಕೈ, ಒಂದು ಓವನ್, ಸಂಜೆಯ ಬಿಡುವು. ಹಾಸ್ಟೆಲ್ ಹುಡುಗಿಯರ ಕೈಗೆ ಎಟುಕದ್ದು ಅದರಲ್ಲಿ ಏನೂ ಇಲ್ಲ.

ಅವರ ದಾನದ ವ್ಯವಸ್ಥೆ ಮನಸ್ಸು ಬಂದಾಗ ಕೊಡುವುದರ ಮೇಲೆ ನಿಂತಿಲ್ಲ. ಹೊಲ ಕೊಯ್ಯುವಾಗ ಮೂಲೆಗಳನ್ನು ಕೊಯ್ಯದೆ ಬಿಡು, ಬಿದ್ದ ತೆನೆಯನ್ನು ಆರಿಸಿಕೊಳ್ಳಬೇಡ, ಅದು ಬಡವರಿಗೆ, ಪರದೇಶಿಗೆ ಎಂದು ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಇದೆ. ಬೇರೆ ದೇಶದಿಂದ ಬಂದ ವಿಧವೆ ರೂತ್ ಹಕ್ಕಲು ಆಯ್ದು ಅತ್ತೆಯನ್ನು ಸಾಕಿದ್ದು ಆ ನಿಯಮದಿಂದಲೇ. ನಮ್ಮ ಕಡೆ ರಾಗಿ ಕೊಯ್ಲಾದ ಮೇಲೆ ಹಕ್ಕಲು ಆಯುತ್ತಿದ್ದವರನ್ನು ನಾನೂ ಕಂಡಿದ್ದೇನೆ. ಊರು ಎಂದ ಮೇಲೆ ಅಲ್ಲೊಂದು ದಾನದ ನಿಧಿ ಇರಲೇಬೇಕು. ಅದನ್ನು ಇಬ್ಬರು ಸೇರಿ ಸಂಗ್ರಹಿಸಬೇಕು, ಮೂವರು ಸೇರಿ ಹಂಚಬೇಕು, ವಾರ ವಾರ ಶುಕ್ರವಾರ ಹಂಚಬೇಕು. ಈ ಲೆಕ್ಕ ಅವರ ಮಿಷ್ನಾ ಗ್ರಂಥದ ಕಾಲದ್ದು, ಎಂದರೆ ಹೆಚ್ಚುಕಡಿಮೆ 1800 ವರ್ಷ ಹಳೆಯದು. ಒಬ್ಬನೇ ಸಂಗ್ರಹಿಸಿದರೆ ಅನುಮಾನ, ಇಬ್ಬರೇ ಹಂಚಿದರೆ ಭಿನ್ನಾಭಿಪ್ರಾಯ ಬಂದಾಗ ತೀರ್ಮಾನವಿಲ್ಲ. ಸಹಕಾರ ಸಂಘ ನಡೆಸಿದ ಯಾರಿಗಾದರೂ ಇದರ ಬೆಲೆ ಗೊತ್ತು.

12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿ ವೈದ್ಯನಾಗಿದ್ದ ಮೈಮೋನಿಡಿಸ್ ದಾನಕ್ಕೆ ಎಂಟು ಮೆಟ್ಟಿಲು ಎಂದು ಬರೆದ. ಕೆಳಗಿನದು ಮುಖ ಸಿಂಡರಿಸಿ ಕೊಡುವುದು. ಮೇಲಿನದು ಸಾಲವನ್ನೋ ಕೆಲಸವನ್ನೋ ಪಾಲುದಾರಿಕೆಯನ್ನೋ ಕೊಟ್ಟು, ಇನ್ನು ಕೈಚಾಚಬೇಕಾಗಿಲ್ಲ ಎನ್ನುವಂತೆ ನಿಲ್ಲಿಸುವುದು. ಅದಕ್ಕೆ ಒಂದು ಮೆಟ್ಟಿಲು ಕೆಳಗೆ, ಯಾರು ಕೊಟ್ಟರೆಂದು ಪಡೆದವನಿಗೂ, ಯಾರಿಗೆ ಹೋಯಿತೆಂದು ಕೊಟ್ಟವನಿಗೂ ಗೊತ್ತಿಲ್ಲದ ದಾನ. ಯೆರೂಸಲೇಮಿನ ದೇವಾಲಯದಲ್ಲಿ ಅದಕ್ಕೆಂದೇ ಒಂದು ಗುಟ್ಟಿನ ಕೋಣೆ ಇತ್ತಂತೆ. ಉಳ್ಳವರು ಅಲ್ಲಿ ಇಟ್ಟು ಹೋಗುವರು, ಇಲ್ಲದವರು ತೆಗೆದುಕೊಂಡು ಹೋಗುವರು.

ಇದನ್ನೆಲ್ಲ ಒಂದು ಭಾನುವಾರ ಫೋನಿನಲ್ಲಿ ತಾತನಿಗೆ ಹೇಳುತ್ತಿದ್ದೆ. ಯಹೂದಿ ಹುಡುಗರಿಗೂ ಹಿಂದೆ ವಾರಾನ್ನ ಇತ್ತಂತೆ ತಾತ, ಎಂದೆ. ಪೂರ್ವ ಯೂರೋಪಿನಲ್ಲಿ ಅವರ ಧರ್ಮಗ್ರಂಥ ಕಲಿಸುವ ಪಾಠಶಾಲೆಗಳಿದ್ದ ಊರುಗಳಲ್ಲಿ ಪರಊರಿನ ಬಡ ವಿದ್ಯಾರ್ಥಿ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಊಟ ಮಾಡುತ್ತಿದ್ದ. ಒಳ್ಳೆಯ ಮನೆ ಸಿಕ್ಕವನು ಪುಣ್ಯವಂತ. ಕೆಲವರಿಗೆ ತಂಗಳು, ಕೆಲವರಿಗೆ ಕೊಂಕು ಮಾತು, ಕೆಲವು ದಿನಗಳಿಗೆ ಮನೆಯೇ ಇಲ್ಲ. ಈಗಿನ ಬೆಲಾರೂಸಿನ ವೊಲೋಜಿನ್ ಎಂಬಲ್ಲಿ 1803ರ ಸುಮಾರಿಗೆ ಪಾಠಶಾಲೆ ತೆರೆದ ರಬ್ಬಿ ಹಾಯಿಮ್ ಎಂಬವರು ಇದು ಬೇಡ ಎಂದು ತೀರ್ಮಾನಿಸಿದರು. ದೂರದ ಊರುಗಳಿಗೆ ಜನರನ್ನು ಕಳಿಸಿ ಹಣ ಕೂಡಿಸಿ, ಹುಡುಗರ ಊಟ ವಸತಿಗೆ ನೇರವಾಗಿ ಭತ್ಯೆ ಕೊಡುವ ಏರ್ಪಾಡು ಮಾಡಿದರು. ಓದುವ ಹುಡುಗ ಅನ್ನಕ್ಕಾಗಿ ಬಾಗಿಲು ಬಾಗಿಲು ನಿಲ್ಲಬಾರದು ಎಂಬುದು ಅವರ ನಿಲುವು.

ತಾತ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ನಾನು ಅದುವರೆಗೆ ಕೇಳಿರದ ವಿಷಯಗಳನ್ನು ಹೇಳಿದರು. ಅರಕಲಗೂಡು ಕಡೆಯ ಹಳ್ಳಿಯಿಂದ ಹಾಸನಕ್ಕೆ ಹೈಸ್ಕೂಲಿಗೆ ಬಂದಾಗ ಅವರೂ ವಾರಾನ್ನದ ಹುಡುಗ ಎಂದು ನಮಗೆ ಗೊತ್ತಿತ್ತು. ಆ ಮನೆಗಳವರ ಉಪಕಾರವನ್ನು ತಾತ ಯಾವಾಗಲೂ ಕೈಮುಗಿದು ನೆನೆಯುತ್ತಿದ್ದರು. ಅವತ್ತು ಹೇಳಿದ್ದು ಬೇರೆ. ಒಂದು ಮನೆಯಲ್ಲಿ ಎಲ್ಲರ ಊಟ ಮುಗಿದು, ಹಿತ್ತಲ ಜಗಲಿಯಲ್ಲಿ ಇವರಿಗೆ ಎಲೆ ಹಾಕುತ್ತಿದ್ದರಂತೆ. ಉಂಡ ಮೇಲೆ ಎರಡು ಕೊಡ ನೀರು ಸೇದಿಟ್ಟು ಬರಬೇಕು. ನೀರು ಸೇದುವುದು ಕಷ್ಟವಲ್ಲ ಮಗು, ಅದೇ ಮನೆಯ ಹುಡುಗ ನನ್ನ ಕ್ಲಾಸಿನಲ್ಲೇ ಇದ್ದ, ಅಂದರು. ಏಕಾದಶಿ ಬಂದರೆ ಯಾವ ಮನೆಯಲ್ಲೂ ಒಲೆ ಹೊತ್ತದು, ಹುರಿಗಡಲೆಯೇ ಗತಿ. ಇನ್ನೊಂದು ಮನೆಯಲ್ಲಿ ಮಾತ್ರ, ಅಲ್ಲಿಯ ಅಜ್ಜಿ ಇವರನ್ನು ತನ್ನ ಮೊಮ್ಮಕ್ಕಳ ಸಾಲಿನಲ್ಲೇ ಕೂರಿಸಿ, “ಇನ್ನೊಂದು ತುತ್ತು ಹಾಕ್ಕೊಳ್ಳೋ, ಶನಿವಾರ ಎಲ್ಲಿ ತಿಂತೀಯೋ ಏನೋ” ಎನ್ನುತ್ತಿದ್ದರಂತೆ. ಎರಡೂ ಮನೆಯವರು ಹಾಕಿದ್ದು ಅನ್ನವನ್ನೇ. ಎಂಬತ್ತು ವರ್ಷದ ಮುದುಕರಿಗೆ ಹಿತ್ತಲ ಜಗಲಿ ಇನ್ನೂ ನೆನಪಿತ್ತು.

ಆವತ್ತಿನಿಂದ ನನಗೊಂದು ವಿಷಯ ಗಟ್ಟಿಯಾಯಿತು. ದುಡ್ಡು ಕೊಡುವಾಗ ಮುಖ ಕಾಣಬಾರದು, ಊಟ ಹಾಕುವಾಗ ಮುಖ ಕಾಣಲೇಬೇಕು, ಅದೂ ಒಂದೇ ಮೇಜಿನ ಎದುರುಬದುರು. ಮೈಮೋನಿಡಿಸನ ಗುಟ್ಟಿನ ಕೋಣೆಯೂ ಬೇಕು, ರಬ್ಬಿಯ ಮನೆಯ ಗದ್ದಲದ ಮೇಜೂ ಬೇಕು. ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟರೆ ಕೆಡುತ್ತದೆ. ಊಟವನ್ನು ಗುಟ್ಟಾಗಿ ಕೊಟ್ಟರೆ ಅದು ಪಡಿತರ. ದುಡ್ಡನ್ನು ಎದುರೆದುರು ಕೊಟ್ಟರೆ ಕೈ ಕೆಳಗಾಗುತ್ತದೆ.

2018ರ ಅಕ್ಟೋಬರ್ 27, ಶನಿವಾರ, ಪಿಟ್ಸ್‌ಬರ್ಗಿನ ಟ್ರೀ ಆಫ್ ಲೈಫ್ ಸಿನಗಾಗಿನಲ್ಲಿ ಪ್ರಾರ್ಥನೆಗೆ ಸೇರಿದ್ದವರ ಮೇಲೆ ಒಬ್ಬ ಗುಂಡು ಹಾರಿಸಿ 11 ಜನರನ್ನು ಕೊಂದ. ನಮ್ಮ ಲ್ಯಾಬಿನ ಹುಡುಗಿ ಸೋಮವಾರ ಬಂದಾಗ ಕಣ್ಣು ಊದಿತ್ತು. ಆ ಶುಕ್ರವಾರ ಹಿಲೆಲ್ ಬಾಗಿಲಲ್ಲಿ ಪೊಲೀಸರಿದ್ದರು. ಊಟ ರದ್ದಾಗುತ್ತದೆ ಅಂದುಕೊಂಡಿದ್ದೆ. ಬದಲಿಗೆ, ಎಲ್ಲರೂ ಬನ್ನಿ, ಯಹೂದಿಗಳಲ್ಲದವರೂ ಬನ್ನಿ ಎಂದು ದೇಶದ ತುಂಬ ಕರೆ ಹೋಗಿತ್ತು. ನಮ್ಮಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತು ಉಂಡರು. ಹಿಜಾಬ್ ಹಾಕಿದ್ದ ಇಬ್ಬರು ಹುಡುಗಿಯರು, ಚರ್ಚಿನ ಪಾದ್ರಿಯೊಬ್ಬರು, ಚೀನಾದ ಹುಡುಗರು. ನನ್ನ ಚಿಕ್ಕ ಬ್ರೆಡ್ಡು ಆ ದಿನವೂ ಇತ್ತು. ನಾನು ಅತ್ತದ್ದು ಅಲ್ಲೇ.

2019ರ ಜನವರಿಯಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಆ ಮೇಜಿನಲ್ಲಿ ನಾನು ಅವರ ವಿಷಯ ಹೇಳಿದೆ. 111 ವರ್ಷ ಬದುಕಿದವರು, ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ, ಯಾವ ಜಾತಿ ಎಂದು ಕೇಳದೆ. ಹಳ್ಳಿಯವರು ರಾಗಿ, ಅಕ್ಕಿ, ಬೇಳೆ ಹೊತ್ತು ತಂದು ಮಠಕ್ಕೆ ಕೊಡುತ್ತಾರೆ ಎಂದಾಗ ಅವರು ಮತ್ತೆ ಮತ್ತೆ ಪ್ರಶ್ನೆ ಕೇಳಿದರು. ಅಷ್ಟು ಮಕ್ಕಳಿಗೆ ಬಡಿಸುವುದು ಯಾರು? ಆ ಮಕ್ಕಳೇ. ಈ ಉತ್ತರ ಅವರಿಗೆ ಬಹಳ ಹಿಡಿಸಿತು.

ಅದೇ ಚಳಿಗಾಲದಲ್ಲಿ ನಮ್ಮ ಅಜ್ಜಿ ಹೋದರು. ಬರಲು ಆಗಲಿಲ್ಲ, ಟಿಕೆಟ್ಟಿಗೆ ದುಡ್ಡೂ ಇರಲಿಲ್ಲ, ಹಿಮದ ಬಿರುಗಾಳಿಗೆ ವಿಮಾನಗಳೂ ನಿಂತಿದ್ದವು. ರೂಮಿನಲ್ಲಿ ಒಬ್ಬಳೇ ಕೂತಿದ್ದೆ. ಸಂಜೆ ರಬ್ಬಿಯ ಹೆಂಡತಿ ಪಾತ್ರೆ ಹಿಡಿದು ಬಂದರು, ಬೇಯಿಸಿದ ಮಸೂರದ ಬೇಳೆ. ಸಾವಿನ ಮನೆಯವರು ಮೊದಲ ಊಟವನ್ನು ತಮ್ಮ ಅಡುಗೆಯಿಂದ ಉಣ್ಣಬಾರದು, ನೆರೆಯವರು ತಂದು ಉಣಿಸಬೇಕು, ಬೇಳೆಯೋ ಮೊಟ್ಟೆಯೋ ದುಂಡಗಿನ ಪದಾರ್ಥ ಇರಬೇಕು ಎಂಬುದು ಅವರಲ್ಲಿ ಕ್ರಮ. ಮೊಟ್ಟೆ ಬಿಟ್ಟು ಬೇಳೆ ತಂದಿದ್ದರು. ಸಮಾಧಾನ ಹೇಳಲಿಲ್ಲ. ದುಃಖದಲ್ಲಿರುವವರು ಮಾತಾಡುವವರೆಗೆ ಹೋದವರು ಮಾತಾಡುವುದಿಲ್ಲವಂತೆ. ಪಕ್ಕದಲ್ಲಿ ಕೂತಿದ್ದರು. ಎಷ್ಟೋ ಹೊತ್ತಾದ ಮೇಲೆ ನಾನೇ ಅಜ್ಜಿಯ ಬಗ್ಗೆ, ಅವರು ಹಿಸುಕಿದ ಅವರೆಕಾಳಿಗೆ ಹಾಕುತ್ತಿದ್ದ ಒಗ್ಗರಣೆಯ ಬಗ್ಗೆ ಹೇಳತೊಡಗಿದೆ. ಅವರು ಅವರೆಕಾಯಿ ಎಂದರೇನು ಎಂದು ಕೇಳಿದರು. ರಾತ್ರಿ ಹತ್ತರವರೆಗೂ ಅವರೆಕಾಯಿಯ ಮಾತೇ ಆಯಿತು.

ಈಗ ಹಾಸನದ ವಿಷಯ. ನಮ್ಮಲ್ಲಿ ಅನ್ನದಾನಕ್ಕೆ ಬರವಿಲ್ಲ. ಹೊರನಾಡಿಗೆ, ಶೃಂಗೇರಿಗೆ, ಧರ್ಮಸ್ಥಳಕ್ಕೆ ಹೋದರೆ ಹಸಿದು ಬರುವವರಿಲ್ಲ. ಹಾಸನಾಂಬೆಯ ಬಾಗಿಲು ತೆಗೆದಾಗ, ಗಣಪತಿ ಕೂರಿಸಿದಾಗ ಬೀದಿ ಬೀದಿಯಲ್ಲೂ ಊಟ. ಆದರೆ ಫೆಬ್ರವರಿಯ ಯಾವುದೋ ಭಾನುವಾರ ಸಂಜೆ, ಪಿ.ಜಿ.ಯ ಮೆಸ್ಸು ರಜೆ ಇದ್ದಾಗ, ಯಾದಗಿರಿಯಿಂದ ಬಂದ ಹುಡುಗ ಏನು ತಿನ್ನುತ್ತಾನೆ? ಬಿಸ್ಕತ್ತು, ಇಲ್ಲವೇ ಗಾಡಿಯ ಗೋಬಿ. ನಾನು ಪಾಠ ಮಾಡುವ ಮಕ್ಕಳನ್ನು ಕೇಳಿದಾಗ ಬಂದ ಉತ್ತರ ಇದು. ಹಬ್ಬದ ಅನ್ನ ಬೇಕಾದಷ್ಟಿದೆ, ವಾರದ ಅನ್ನ ಇಲ್ಲ.

ಹಾಗಾಗಿ ಭಾನುವಾರ ಶುರು ಮಾಡಿದೆವು. ಏಳೂವರೆಗೆ ಊಟ. ಬರುವವರು ಹೇಳಿ ಬರಬೇಕಾಗಿಲ್ಲ. ನಮ್ಮ ಅತ್ತೆಗೆ ಮೊದಲು ಒಪ್ಪಿಗೆ ಇರಲಿಲ್ಲ. ಯಾರು ಯಾರೋ ಅಡುಗೆಮನೆಗೆ ಬಂದರೆ ಹೇಗಮ್ಮ ಎಂದರು. ಅವರ ಮಾತಿನ ಹಿಂದೆ ಏನಿತ್ತು ಎಂದು ಎಲ್ಲರಿಗೂ ಗೊತ್ತು, ಬಿಡಿಸಿ ಬರೆಯುವುದಿಲ್ಲ. ನಾನು ವಾದ ಮಾಡದೆ ತಾತನ ಹಿತ್ತಲ ಜಗಲಿಯ ಕಥೆ ಹೇಳಿದೆ. ಈಗ ಅಕ್ಕಿರೊಟ್ಟಿ ತಟ್ಟುವುದು ಅತ್ತೆಯೇ, ಬೇರೆಯವರು ತಟ್ಟಿದರೆ ದಪ್ಪವಾಗುತ್ತದೆ ಎನ್ನುತ್ತಾರೆ. ಚಳಿಗಾಲದಲ್ಲಿ ಹಿಸುಕಿದ ಅವರೆಯ ಸಾರು. ಉಳಿದಂತೆ ಮುದ್ದೆ, ಬಸ್ಸಾರು, ಪಲ್ಯ, ಅನ್ನ, ಮೊಸರು. ಮಣಿಪುರದ ಒಬ್ಬ ಹುಡುಗ ಮುದ್ದೆ ಅಗಿಯುತ್ತಿದ್ದ. ನುಂಗಬೇಕು ಕಣೋ ಎಂದು ಉಳಿದವರು ಕಲಿಸಿದರು. ಒಬ್ಬಳಿಗೆ ಗೋಧಿ ಆಗದು, ಅವಳಿಗೆ ಬೇರೆ ಮಾಡಿ ಇಡುತ್ತೇವೆ, ಬಂದರೂ ಬಾರದಿದ್ದರೂ.

ಮಕ್ಕಳು ಸುಮ್ಮನೆ ಉಂಡು ಹೋಗಲು ಸಂಕೋಚಪಟ್ಟರು. ಅದಕ್ಕೆ ಬಾಗಿಲ ಬಳಿ ಒಂದು ಡಬ್ಬಿ ಇಟ್ಟೆ. ಊಟಕ್ಕೆ ಬಂದವರು ಹಾಕಬಹುದು, ಹಾಕದಿರಬಹುದು, ನೋಡುವವರಿಲ್ಲ. ಅದರ ದುಡ್ಡು ಅಡುಗೆಗಲ್ಲ, ಪರೀಕ್ಷಾ ಶುಲ್ಕ ಕಟ್ಟಲಾಗದವರಿಗೆ. ಡಬ್ಬಿ ತೆಗೆದು ಎಣಿಸುವವರು ಇಬ್ಬರು, ಯಾರಿಗೆ ಎಂದು ತೀರ್ಮಾನಿಸುವವರು ಮೂವರು, ಐವರೂ ವಿದ್ಯಾರ್ಥಿಗಳೇ. ಯಾರಿಗೆ ಹೋಯಿತು ಎಂದು ನನಗೂ ಹೇಳುವುದಿಲ್ಲ. ಆ ಮಿಷ್ನಾ ಲೆಕ್ಕ ಸಾಲಗಾಮೆ ರಸ್ತೆಯಲ್ಲೂ ಸರಿಯಾಗಿ ನಡೆಯುತ್ತಿದೆ.

ಮಂಗಳೂರಿನ ಹುಡುಗಿಯೊಬ್ಬಳು ನಮ್ಮ ಕಡೆ ಯಹೂದಿಗಳು ಇದ್ದರಾ ಮೇಡಂ ಎಂದು ಕೇಳಿದಳು. ನಿನ್ನ ಊರಲ್ಲೇ ಇದ್ದರು ಎಂದೆ. 12ನೇ ಶತಮಾನದಲ್ಲಿ ಟುನೀಷಿಯಾ ಮೂಲದ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ನೆಲೆಸಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ್ದ. ಅಶು ಎಂಬ ಇಲ್ಲಿಯ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಬೊಮ್ಮ ಎಂಬ ಇಲ್ಲಿಯ ಆಳು ಅವನ ವ್ಯಾಪಾರಕ್ಕೆಂದು ಕಡಲು ದಾಟಿ ಅಡೆನ್‌ಗೆ ಹೋಗಿ ಬರುತ್ತಿದ್ದ. ಇವರ ಕಾಗದಗಳು ಕೈರೋದ ಹಳೆಯ ಸಿನಗಾಗಿನಲ್ಲಿ ಸಿಕ್ಕವು. 1149ರಲ್ಲಿ ಅಡೆನ್ ತಲುಪಿದ ಬೆನ್ ಯಿಜು, ಯುದ್ಧದಿಂದ ನೆಲೆ ತಪ್ಪಿದ್ದ ಒಡಹುಟ್ಟಿದವರಿಗೆ ಬರೆದ. ನಾನು ಕ್ಷೇಮವಾಗಿ ಬಂದಿದ್ದೇನೆ, ನಮ್ಮೆಲ್ಲರ ಜೀವನಕ್ಕೆ ಆಗುವಷ್ಟು ನನ್ನ ಬಳಿ ಇದೆ ಎಂಬರ್ಥದ ಕಾಗದ ಅದು. ಮಂಗಳೂರಿನಲ್ಲಿ ದುಡಿದ ದುಡ್ಡು. ಆ ಹುಡುಗಿ ಊಟ ಬಿಟ್ಟು ಕೇಳಿದಳು.

ಓದುಗರಲ್ಲಿ ಹಾಸನದವರು ಇದ್ದರೆ ಒಂದು ಕೋರಿಕೆ. ಭಾನುವಾರ ನಮ್ಮ ಮನೆಯಲ್ಲಿ ಆಗುತ್ತದೆ. ಬುಧವಾರ ರಾತ್ರಿಯನ್ನು ಹೇಮಾವತಿ ನಗರದ ಒಂದು ಕುಟುಂಬ ವಹಿಸಿಕೊಂಡಿದೆ. ಉಳಿದ ದಿನಗಳಲ್ಲಿ ಒಂದನ್ನು ನೀವು ತೆಗೆದುಕೊಳ್ಳಬಹುದು. ನಾಲ್ಕೇ ಮಕ್ಕಳಾದರೂ ಸರಿ, ಅನ್ನ ಸಾರಾದರೂ ಸರಿ. ವಾರ ತಪ್ಪಿಸಬೇಡಿ, ಊರಿಗೆ ಹೋಗುವುದಿದ್ದರೆ ಎರಡು ದಿನ ಮುಂಚೆ ತಿಳಿಸಿ, ಮಕ್ಕಳ ಜೊತೆಗೇ ನೀವೂ ಕೂತು ಉಣ್ಣಿ. ಯಾರಿಗೆ ಏನು ಆಗುವುದಿಲ್ಲ ಎಂಬ ಪಟ್ಟಿ ನನ್ನ ಹತ್ತಿರ ಇದೆ, ಕೇಳಿದರೆ ಕೊಡುತ್ತೇನೆ.